ಮುಟ್ಟು ನಿಲ್ಲುವ ಕಾಲದ ಝಳ

ಹಳ್ಳಿಖೇಡದ ಕಡೆಯ ವೈಶಾಖದ ಬಿಸಿಲು ಎಂಥದೆಂಬುದನ್ನು ಬೀದರ ಜಿಲ್ಲೆಯವರಿಗೆ ನಾವು ಹೇಳಬೇಕಾದುದಿಲ್ಲ. ಹೊರಗೆ ಬಿಸಿಲು, ಒಳಗೆ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುವ ಕೆಲಸ. ಹೀಗಿರಲು ಮನೆಯ ತಾಯಿ ಸೆರಗಿನಿಂದ ಮುಖ ಒರಸಿಕೊಂಡರೆ ಅತ್ತ ಯಾರೂ ಲಕ್ಷ್ಯಗೊಡುವದಿಲ್ಲ. ಆದರೆ ಮಾಘದ ಚಳಿಯಲ್ಲಿ, ನಡುರಾತ್ರಿಯಲ್ಲಿ, ಅದೇ ತಾಯಿ ಹೊದಿಕೆಯನ್ನು ಸರಿಸಿ, ಬೆವರಿನಿಂದ ತೊಯ್ದು ಎದ್ದು ಕುಳಿತರೆ ಅದನ್ನು ಬಿಸಿಲಿನ ದೋಷವೆನ್ನಬಹುದೆ?

ಸಾಮಾನ್ಯವಾಗಿ 45ರಿಂದ 55 ವರ್ಷದೊಳಗೆ ಸ್ತ್ರೀಯರಿಗೆ ಮುಟ್ಟು ನಿಲ್ಲುವದು. ನಿಂತು 12 ತಿಂಗಳು ಕಳೆದರೆ ಅದನ್ನು ಋತುನಿವೃತ್ತಿಯೆನ್ನುವರು. ಆ ಸಮಯಕ್ಕೆ ಅಂಡಾಶಯಗಳಿಂದ ಬರುವ ಈಸ್ಟ್ರೋಜನ್ ಎಂಬ ರಸವು ಕಡಿಮೆಯಾಗುವದು. ಮೈಯ ಶಾಖವನ್ನು ಹದದಲ್ಲಿಡುವ ಕೇಂದ್ರವು ಮೆದುಳಿನಲ್ಲಿದೆ. ಈ ರಸದ ಕೊರತೆಯಿಂದ ಅದು ಅತಿಸೂಕ್ಷ್ಮವಾಗಿ, ಸ್ವಲ್ಪ ಶಾಖವನ್ನೇ ಬಹಳವೆಂದು ಬಗೆದು, ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರನ್ನು ಹರಿಸುವದು. ಎದೆ, ಕೊರಳು, ಮುಖಗಳಿಗೆ ಝಳವೇರಿ, ಕೆಲವು ನಿಮಿಷಗಳಲ್ಲಿ ಇಳಿದು, ಹಿಂದೆಯೇ ಚಳಿ ಹುಟ್ಟುವದು ಇದರಿಂದಲೇ. ಹಲವರಿಗೆ ಈ ತೊಂದರೆ ವರ್ಷಗಟ್ಟಲೆ ಇರುವದುಂಟು.

ಇಷ್ಟಾದರೂ ಬಾಯಿಬಿಟ್ಟು ಹೇಳಲು ನಾಚಿಕೆ! ಹಳ್ಳಿಖೇಡಕ್ಕೆ ಹೆಚ್ಚು ದೂರವಲ್ಲದ ಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ಮುಟ್ಟಿನ ಸೂತಕವನ್ನೇ ಅಲ್ಲಗಳೆದರು. ಅಂಥ ನೆಲದಲ್ಲಿ ಮುಟ್ಟು ನಿಲ್ಲುವ ಮಾತನ್ನು ಮರೆಮಾಚುವದು ಯಾವ ನ್ಯಾಯ?

ಮರೆಮಾಚುವದರಿಂದ ಕೇಡೂ ಉಂಟು. ನೆರೆಯ ಕಲಬುರಗಿ ಜಿಲ್ಲೆಯಲ್ಲಿ ಅನೇಕ ಬಡ ಹೆಣ್ಣುಮಕ್ಕಳ, ಅವರಲ್ಲಿಯೂ ಲಂಬಾಣಿ ತಾಂಡಾಗಳವರ, ಗರ್ಭಕೋಶಗಳನ್ನು ಅನಾವಶ್ಯಕವಾಗಿ ತೆಗೆದ ಸಂಗತಿಯು 2015ರಲ್ಲಿ ಬಯಲಿಗೆ ಬಂದಿತು. ಅದರೊಡನೆ ಅಂಡಾಶಯಗಳನ್ನೂ ತೆಗೆದರೆ ಹರೆಯದಲ್ಲಿಯೇ ಈ ಝಳವು ಒಮ್ಮೆಲೆ, ಬಲವಾಗಿ ಬರುವದು. ಝಳಕ್ಕೆ ಗರ್ಭಕೋಶ ತೆಗೆಯುವದು ಮದ್ದಲ್ಲವೆಂಬುದನ್ನು ಪ್ರತಿಯೊಂದು ಮನೆಯವರೂ ತಿಳಿದಿರತಕ್ಕದ್ದು.

ಹಾಗಾದರೆ ಉಪಾಯವೇನು? ತೆಳುವಾದ ಹತ್ತಿಯ ಸೀರೆ, ಗಾಳಿಯಾಡುವ ಕೋಣೆ, ಹಾಸಿಗೆಯ ಬಳಿಯಲ್ಲಿ ತಂಬಿಗೆ ತಣ್ಣೀರು ಇವು ಮೊದಲನೆಯವು. ಬಿಸಿ ಚಹಾ, ಕೆಂಪು ಖಾರಗಳಿಂದ ಝಳ ಹೆಚ್ಚುವದು ಕಂಡರೆ ಅವನ್ನು ಕಡಿಮೆ ಮಾಡಬೇಕು. ತೂಕ ಮಿತಿಮೀರಿದ್ದರೆ ಇಳಿಸುವದು ಹಿತ. ಇಷ್ಟರಿಂದ ತಡೆಯದಿದ್ದರೆ ವೈದ್ಯರನ್ನು ಕಾಣಬೇಕು. ಹಾರ್ಮೋನ್ ಚಿಕಿತ್ಸೆಯು ಎಲ್ಲಕ್ಕಿಂತ ಹೆಚ್ಚು ಗುಣಕಾರಿ. 60 ವರ್ಷದೊಳಗೆ, ಇಲ್ಲವೆ ಮುಟ್ಟು ನಿಂತ 10 ವರ್ಷದೊಳಗೆ ಆರಂಭಿಸುವದು ಲೇಸು. ಸ್ತನದ ಕ್ಯಾನ್ಸರ್, ಪಾರ್ಶ್ವವಾಯು, ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ರೋಗ ಆದವರಿಗೆ ಸಾಮಾನ್ಯವಾಗಿ ಅದನ್ನು ಕೊಡುವದಿಲ್ಲ. ಅಂಥವರಿಗೆ ಹಾರ್ಮೋನಿಲ್ಲದ ಔಷಧಗಳುಂಟು. ಯಾವುದನ್ನೂ ಕೇಳಿದವರ ಮಾತಿನ ಮೇಲೆ ತಾವಾಗಿ ನುಂಗಬಾರದು.

ಎರಡು ಗುರುತುಗಳನ್ನು ಮರೆಯಬಾರದು. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ, ಇಲ್ಲವೆ ರಾತ್ರಿಬೆವರಿನ ಜೊತೆಗೆ ಜ್ವರ ಬಂದು ಮೈ ಇಳಿಯುತ್ತಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಉಳಿದುದು ಮನೆಯವರ ಕೈಯಲ್ಲಿದೆ. ಒಲೆಯ ಮುಂದಿನ ಕೆಲಸವನ್ನು ನಾಲ್ವರು ಹಂಚಿಕೊಳ್ಳಲಿ. ಗಂಡನು ಹೆಂಡತಿಯ ಸಿಡುಕಿಗೆ ಸಿಡುಕದೆ, ಅವಳ ನಿದ್ದೆಗೆಟ್ಟ ರಾತ್ರಿಗಳನ್ನು ನೆನೆಯಲಿ. ಅತ್ತೆ ನಡುರಾತ್ರಿ ಎದ್ದು ಕುಳಿತರೆ ಸೊಸೆಯು “ಏನಾಯಿತವ್ವಾ?” ಎಂದು ಕೇಳಲಿ. ನಾಳೆ ಆ ಸೊಸೆಯೂ ಅದೇ ವಯಸ್ಸಿಗೆ ಬರುವವಳಲ್ಲವೆ?