ಕಾಲಿಲ್ಲದ ಹಕ್ಕಿ: ತಪ್ಪು ಚಿತ್ರದ್ದಲ್ಲ

1555ರಲ್ಲಿ ಜ್ಯೂರಿಕ್‌ನ ವಿದ್ವಾಂಸ ಕಾನ್ರಾಡ್ ಗೆಸ್ನರ್ ಹೊರತಂದ ಪಕ್ಷಿಗ್ರಂಥದಲ್ಲಿ ಸ್ವರ್ಗದ ಹಕ್ಕಿಯ ಮರದಚ್ಚಿನ ಚಿತ್ರವೊಂದಿದೆ. ಪುಟ್ಟ ತಲೆ, ಚೂಪು ಕೊಕ್ಕು, ಹಿಂದಕ್ಕೆ ಚೆಲ್ಲಿಕೊಂಡ ನೀಳ ಗರಿಗಳು, ತಂತಿಯಂಥ ಎರಡು ಎಳೆ ಎಲ್ಲವೂ ಇವೆ. ಕಾಲು ಮಾತ್ರ ಇಲ್ಲ. ಈ ಹಕ್ಕಿ ನೆಲಕ್ಕಿಳಿಯುವುದೇ ಇಲ್ಲ, ಹೆಣ್ಣು ಗಂಡಿನ ಬೆನ್ನಿನ ಮೇಲೆಯೇ ಮೊಟ್ಟೆಯಿಡುತ್ತದೆ ಎಂಬ ಕಥೆಗಳು ಆಗ ಬಳಕೆಯಲ್ಲಿದ್ದವು. ಇದನ್ನೆಲ್ಲ ನೋಡಿ ಆ ಕಾಲದ ಚಿತ್ರಗಾರರು ಕಲ್ಪನೆಯನ್ನೇ ಬರೆದರೆಂದು ಹೇಳುವುದು ಸುಲಭ. ಆದರೆ ಈ ಚಿತ್ರ ಕಲ್ಪನೆಯಲ್ಲ. ಯುರೋಪಿಗೆ ಬಂದು ತಲುಪಿದ ವಸ್ತು ಹೇಗಿತ್ತೋ ಹಾಗೆಯೇ ಅದನ್ನು ತೋರಿಸಿದ ಪ್ರಾಮಾಣಿಕ ದಾಖಲೆ.

ಮೆಗಲನ್‌ನ ಸಮುದ್ರಯಾನದಲ್ಲಿ ಉಳಿದು ಬಂದ ವಿಕ್ಟೋರಿಯಾ ಹಡಗು 1522ರಲ್ಲಿ ಸ್ಪೇನ್‌ಗೆ ಮರಳಿದಾಗ, ಮಲುಕು ದ್ವೀಪಗಳ ದೊರೆಯೊಬ್ಬ ಕಾಣಿಕೆಯಾಗಿ ಕೊಟ್ಟ ಈ ಹಕ್ಕಿಗಳ ಒಣಗಿದ ಚರ್ಮಗಳೂ ಅದರಲ್ಲಿದ್ದವು. ನ್ಯೂಗಿನಿ ಮತ್ತು ಅರು ದ್ವೀಪಗಳ ಬೇಟೆಗಾರರಿಗೆ ಬೇಕಿದ್ದುದು ಅಲಂಕಾರದ ಗರಿ. ಹಾಗಾಗಿ ಅವರು ಮಾಂಸ ತೆಗೆದು, ಕಾಲು ಕತ್ತರಿಸಿ, ಎಷ್ಟೋ ಸಲ ರೆಕ್ಕೆಯನ್ನೂ ಬೇರ್ಪಡಿಸಿ ಚರ್ಮವನ್ನು ಒಣಗಿಸುತ್ತಿದ್ದರು. ವ್ಯಾಪಾರಿಗಳ ಕೈಯಿಂದ ಕೈಗೆ ದಾಟುವಾಗ ಚರ್ಮ ಉಳಿಯಿತು, ಅದನ್ನು ಹದಮಾಡಿದ ರೀತಿಯ ತಿಳಿವಳಿಕೆ ಕಳೆದುಹೋಯಿತು. ಕಾಲಿಲ್ಲದ ಚಿತ್ರ ಹೀಗೆ ಹೆಸರು ಉಳಿಯದ ಆ ಕುಶಲಕರ್ಮಿಗಳ ಕೆಲಸಕ್ಕೂ ಸಾಕ್ಷಿ.

ವಿಕ್ಟೋರಿಯಾ ಹಡಗಿನಲ್ಲೇ ಇದ್ದ ಯಾತ್ರಿಕ ಪಿಗಾಫೆಟ್ಟಾ ಈ ಹಕ್ಕಿಗೆ ಕಾಲುಗಳಿವೆಯೆಂದು ಆಗಲೇ ಬರೆದಿದ್ದನಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಅದೇ ಪಿಗಾಫೆಟ್ಟಾ ಅದಕ್ಕೆ ರೆಕ್ಕೆಗಳಿಲ್ಲವೆಂದೂ ಬರೆದ. ಅವನ ಮಾತಿಗೂ ಕಣ್ಣೆದುರಿನ ಚರ್ಮಕ್ಕೂ ಹೊಂದದಿದ್ದಾಗ ಬೊಲೊನ್ಯಾದ ಅಲ್ಡ್ರೊವಾಂಡಿಯಂಥ ವಿದ್ವಾಂಸರು ಚರ್ಮವನ್ನೇ ನಂಬಿದರು. ಅವರು ಎಡವಿದ್ದು ನೋಡುವುದರಲ್ಲಲ್ಲ, ಚರ್ಮದಲ್ಲಿ ಕಾಣದ್ದು ಜೀವಂತ ಹಕ್ಕಿಯಲ್ಲೂ ಇಲ್ಲವೆಂದು ತೀರ್ಮಾನಿಸಿದ್ದರಲ್ಲಿ. ಸತ್ತ ಚರ್ಮವನ್ನು ಹಾರುವ ಭಂಗಿಯಲ್ಲಿ ತೋರಿಸಿ ಚಿತ್ರವೂ ಈ ತೀರ್ಮಾನಕ್ಕೆ ಇಂಬುಕೊಟ್ಟಿತೆಂಬುದನ್ನು ಒಪ್ಪಲೇಬೇಕು. ಆದರೆ ತಿದ್ದುಪಡಿಗೂ ಅಚ್ಚಾದ ಪುಸ್ತಕವೇ ದಾರಿಯಾಯಿತು. ಕಾಲಿರುವ ಹಕ್ಕಿಗಳು ಹಾಲೆಂಡಿಗೆ ಬಂದ ವಿಷಯವನ್ನು ವಿದ್ವಾಂಸ ಕ್ಲೂಸಿಯಸ್ 1605ರ ತನ್ನ ಗ್ರಂಥದಲ್ಲಿ ದಾಖಲಿಸಿ ಹಳೆಯ ನಂಬಿಕೆಯನ್ನು ಅಲ್ಲಗಳೆದ. ಎಲ್ಲರ ಮುಂದೂ ಒಂದೇ ಚಿತ್ರ, ಒಂದೇ ವಿವರಣೆ ಇದ್ದುದರಿಂದಲೇ ಯಾವುದನ್ನು ಅಲ್ಲಗಳೆಯಬೇಕೆಂಬುದು ಸ್ಪಷ್ಟವಾಗಿತ್ತು.

ಆದ್ದರಿಂದ ಇಂಥ ಹಳೆಯ ಚಿತ್ರವನ್ನು ಇಂದಿನ ಹಕ್ಕಿಯ ಪಕ್ಕದಲ್ಲಿಟ್ಟು ತಪ್ಪು ಎಣಿಸಿದರೆ ಸಾಲದು. ಆ ಮಾದರಿ ಯಾರ ಕೈಯಿಂದ, ಯಾವ ಸ್ಥಿತಿಯಲ್ಲಿ ಬಂತೆಂದು ಮೊದಲು ಕೇಳಬೇಕು. ಆಗ ಚಿತ್ರಗಾರನ ನಿಷ್ಠೆ ಯಾವುದು, ವಿದ್ವಾಂಸನ ಆತುರ ಯಾವುದು ಎಂದು ಬೇರೆಬೇರೆಯಾಗಿ ಕಾಣುತ್ತದೆ.