ಪೊರೆ ಕಳಚಿದ ಸ್ಕೂಟರು

ಹೊಸ ಬಣ್ಣ ಬಳಿಸಿ ಇನ್ನೂ ಹದಿನೆಂಟು ದಿನಗಳು ಕಳೆದಿರಲಿಲ್ಲ. ನಮ್ಮ ಮನೆಯ ಸ್ಕೂಟರು ಹಾವಿನಂತೆ ಪೊರೆ ಕಳಚಿತು. ಹಿಂದಿನ ರಾತ್ರಿ ಬೆಂಗಳೂರಿನಲ್ಲಿ ಮುಂಗಾರಿನ ಮೊದಲ ದೊಡ್ಡ ಮಳೆ ಸುರಿದಿತ್ತು. ಬೆಳಿಗ್ಗೆ ಕಾಲೇಜಿಗೆ ಹೊರಟ ಮಗಳು ವಾಹನದ ಪಕ್ಕೆಯನ್ನು ಬಟ್ಟೆಯಿಂದ ಒರೆಸಿದಳು. ಅಂಗೈಯಗಲದ ಬಣ್ಣ ಒದ್ದೆಯಾದ ಹಪ್ಪಳದಂತೆ ಬಟ್ಟೆಯ ಜೊತೆಗೇ ಎದ್ದು ಬಂದಿತು. ಅದರ ಕೆಳಗೆ ಹಳೆಯ ಪ್ಲಾಸ್ಟಿಕ್ಕು, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ, ನುಣ್ಣಗೆ ಹೊಳೆಯುತ್ತಿತ್ತು.

“ಅಪ್ಪಾ, ಇದು ಬಣ್ಣವೋ, ಅಂಟುಕಾಗದವೋ?” ಎಂದು ಅವಳು ಕೇಳಿದ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ.

ಈ ಸ್ಕೂಟರು ನನ್ನ ಪತ್ನಿಯದು. ಹದಿಮೂರು ವರ್ಷ ಅದರ ಮೇಲೆಯೇ ಆಕೆ ಶಾಲೆಗೆ ಪಾಠ ಹೇಳಲು ಹೋಗಿ ಬಂದಳು. ಮೊಣಕಾಲು ನೋವು ಹೆಚ್ಚಾಗಿ ಸವಾರಿ ಬಿಟ್ಟ ಮೇಲೆ ಅದು ಮಗಳ ಪಾಲಿಗೆ ಬಂದಿತು. ಎಂಜಿನ್ನು ಗಟ್ಟಿಮುಟ್ಟಾಗಿದೆ; ಮೈಮಾತ್ರ ಗೇಟಿಗೆ ಉಜ್ಜಿ, ಬಿಸಿಲಿಗೆ ಬೆಂದು, ನೋಡುವಂತಿರಲಿಲ್ಲ. ಹೊಸ ಪ್ಯಾನೆಲ್‌ಗಳನ್ನೇ ಹಾಕಿಸೋಣವೆಂದು ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳನ್ನು ಒಂದು ಶನಿವಾರ ಪೂರ್ತಿ ಅಲೆದೆ. ಆ ಮಾದರಿಯ ತಯಾರಿಕೆ ನಿಂತು ಹೋಗಿದೆಯೆಂಬ ಒಂದೇ ಉತ್ತರ ಎಲ್ಲೆಡೆಯೂ. ಇರುವುದನ್ನೇ ಚೊಕ್ಕಟ ಮಾಡಿಸದೆ ಬೇರೆ ದಾರಿಯಿರಲಿಲ್ಲ. (ನಿಮ್ಮ ಸ್ಕೂಟರಿನ ಪ್ಯಾನೆಲ್ ಪೇಟೆಯಲ್ಲಿ ದೊರೆಯುವುದಾದರೆ, ಒಂದೆರಡು ಒಡೆದಿದ್ದಕ್ಕೆ ಬಣ್ಣದ ಗೋಜಿಗೆ ಹೋಗದೆ ಹೊಸದನ್ನೇ ಕೊಳ್ಳುವುದು ಲೇಸೆಂದು ಈಗ ನನ್ನ ಅಭಿಪ್ರಾಯ.)

ಬಡಾವಣೆಯ ತಿರುವಿನಲ್ಲಿದ್ದ ಒಬ್ಬ ಪೇಂಟರು ಸಂಜೆಯೊಳಗೆ ಕೊಡುತ್ತೇನೆಂದ, ಕೊಟ್ಟ. ಅಷ್ಟು ಬೇಗ ಕೊಟ್ಟದ್ದೇ ಸಂಶಯಪಡಬೇಕಾದ ಸಂಗತಿಯೆಂದು ನನಗೆ ಹೊಳೆಯಲಿಲ್ಲ.

ನಮ್ಮ ಹಿಂದಿನ ತಲೆಮಾರಿಗೆ ಈ ಕಷ್ಟವಿರಲಿಲ್ಲ. 1946ರಲ್ಲಿ ಇಟಲಿಯ ಪಿಯಾಜಿಯೊ ಕಂಪನಿ ವೆಸ್ಪಾ ಸ್ಕೂಟರನ್ನು ಹೊರತಂದಾಗ ಅದರ ಮೈಯೆಲ್ಲ ಉಕ್ಕಿನ ತಗಡು. 1972ರಲ್ಲಿ ಬಂದ ನಮ್ಮ ಬಜಾಜ್ ಚೇತಕ್ ಕೂಡ ಅದೇ ಜಾತಿಯದು. ಉಕ್ಕಿನ ಮೈಗೆ ಕಾರ್ಖಾನೆಯಲ್ಲಿ ಬಣ್ಣ ಬಳಿದು 140 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ ಬೇಯಿಸಬಹುದು. ಬಣ್ಣ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ಆ ಶಾಖ ಕೊಟ್ಟರೆ ಬಣ್ಣವೂ ಉಳಿಯದು, ಪ್ಯಾನೆಲ್ಲೂ ಉಳಿಯದು. ದ್ವಿಚಕ್ರವಾಹನಗಳಿಗೆ ಪ್ಲಾಸ್ಟಿಕ್ಕು ಹೊಸದಾಗಿ ಬಂದದ್ದೇನೂ ಅಲ್ಲ: 1958ರಲ್ಲಿ ಜಪಾನಿನ ಹೋಂಡಾ ಕಂಪನಿಯ ಸೂಪರ್ ಕಬ್ ಕಾಲಿಗೆ ಕೆಸರು ಸಿಡಿಯದಂತೆ ಪ್ಲಾಸ್ಟಿಕ್ಕಿನ ಕವಚ ತೊಟ್ಟೇ ರಸ್ತೆಗಿಳಿಯಿತು. ಹಗುರ, ತುಕ್ಕು ಹಿಡಿಯದು, ಬೇಕಾದ ಆಕಾರಕ್ಕೆ ಅಚ್ಚು ಹೊಯ್ಯಬಹುದು. ಇಷ್ಟು ಗುಣಗಳಿರುವಾಗ ಒಂದು ಹಟವಿದ್ದರೆ ಸಹಿಸಬೇಕಷ್ಟೆ.

ಆ ಹಟವೇನೆಂದು ನನಗೆ ತಿಳಿಸಿದವರು ಹನುಮಂತನಗರದ ಒಂದು ಓಣಿಯಲ್ಲಿ ಕೆಲಸ ಮಾಡುವ ವಯೋವೃದ್ಧ ಮೇಸ್ತ್ರಿಗಳು. ಕಿತ್ತುಬಂದ ಬಣ್ಣದ ಚೂರನ್ನು ಬೆಳಕಿಗೆ ಹಿಡಿದು ನೋಡಿ, “ಬಣ್ಣದ್ದೇನೂ ತಪ್ಪಿಲ್ಲ ಸ್ವಾಮಿ, ಪಾಪ. ಅದು ಕೂತುಕೊಳ್ಳೋಕೆ ಜಾಗ ಎಲ್ಲಿ ಕೊಟ್ಟಿದ್ರು?” ಎಂದರು.

ಮೊದಲು ಅವರು ಮಾಡಿದ ಕೆಲಸ, ಪ್ಯಾನೆಲ್‌ಗಳನ್ನೆಲ್ಲ ಬಿಚ್ಚಿ ಬೋರಲು ಹಾಕಿದ್ದು. ತಿರುಪುಗಳನ್ನು ಒಂದು ಡಬ್ಬಿಯಲ್ಲಿ ತೆಗೆದಿಟ್ಟು, ಬಿಸಿಲಿಗೆ ಗಡುಸಾಗಿದ್ದ ಪ್ಲಾಸ್ಟಿಕ್ಕಿನ ಕೊಂಡಿಗಳು ಮುರಿಯದಂತೆ ಎಷ್ಟು ನಾಜೂಕಾಗಿ ಬಿಡಿಸಿದರೆಂದರೆ, ಹಸುಗೂಸಿನ ಅಂಗಿ ಬಿಚ್ಚಿದಂತಿತ್ತು. ಒಳಮೈಯಲ್ಲಿ ಅಚ್ಚಿನಲ್ಲೇ ಮೂಡಿದ ಪುಟ್ಟ ಅಕ್ಷರಗಳನ್ನು ಮಗಳಿಗೆ ತೋರಿಸಿದರು. ಪಕ್ಕೆಯ ಪ್ಯಾನೆಲ್‌ಗಳ ಮೇಲೆ ‘ಎ.ಬಿ.ಎಸ್.’ ಎಂದಿತ್ತು, ಕಾಲಿಡುವ ಜಾಗದ ಸುತ್ತಲಿನ ತುಂಡುಗಳ ಮೇಲೆ ‘ಪಿ.ಪಿ.’ ಎಂದು. ಹದಿಮೂರು ವರ್ಷ ನಮ್ಮ ಮನೆಯಲ್ಲಿದ್ದ ವಾಹನದ ಒಳಗೆ ಈ ಬರಹವಿತ್ತೆಂಬುದು ನಮಗೆ ಗೊತ್ತೇ ಇರಲಿಲ್ಲ.

ಎರಡೂ ಪ್ಲಾಸ್ಟಿಕ್ಕೇ, ಸ್ವಭಾವ ಮಾತ್ರ ಬೇರೆ ಬೇರೆ. ಎ.ಬಿ.ಎಸ್. ಎಂಬುದು ಅಕ್ರಿಲೋನೈಟ್ರೈಲ್, ಬ್ಯುಟಡೈಯೀನ್, ಸ್ಟೈರೀನ್ ಎಂಬ ಮೂರು ವಸ್ತುಗಳಿಂದಾದದ್ದು. ಬಣ್ಣಕ್ಕೆ ಸಾಕಷ್ಟು ಒಲಿಯುತ್ತದೆ. ಆದರೆ ತೀಕ್ಷ್ಣವಾದ ತಿನ್ನರ್ ಸುರಿದರೆ ಮೇಲ್ಮೈ ಕರಗಿ, ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. ಪಿ.ಪಿ. ಎಂದರೆ ಪಾಲಿಪ್ರೊಪಿಲೀನ್. 1954ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಜೂಲಿಯೊ ನಟ್ಟಾ ಅವರು ಅದನ್ನು ಉಪಯುಕ್ತ ರೂಪಕ್ಕೆ ತಂದರು. 1963ರಲ್ಲಿ ಕಾರ್ಲ್ ಝೀಗ್ಲರ್ ಅವರೊಂದಿಗೆ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ವೆಸ್ಪಾದ ತವರೂರೂ, ಬಣ್ಣದವರನ್ನು ಗೋಳುಗುಟ್ಟಿಸುವ ಈ ಪ್ಲಾಸ್ಟಿಕ್ಕಿನ ತವರೂರೂ ಒಂದೇ ದೇಶವಾದದ್ದು ವಿಧಿಯ ವಿನೋದವೇ ಸರಿ. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದೆ ಮಣಿಯಾಗಿ ಉರುಳುವುದನ್ನು ಎಲ್ಲರೂ ನೋಡಿದ್ದೇವೆ. ಪಾಲಿಪ್ರೊಪಿಲೀನಿನ ಮೇಲೆ ಬಣ್ಣದ ಪಾಡೂ ಹೆಚ್ಚು ಕಡಿಮೆ ಅದೇ. ದ್ರವವು ಹರಡಿ ಅಪ್ಪಿಕೊಳ್ಳುವಷ್ಟು ಆಕರ್ಷಣೆ ಅದರ ಮೇಲ್ಮೈಗಿಲ್ಲ. ಒಣಗಿದ ಮೇಲೆ ಬಣ್ಣ ಅಲ್ಲಿ ಕುಳಿತಂತೆ ಕಾಣುತ್ತದೆ, ಅಷ್ಟೆ, ಹಿಡಿದುಕೊಂಡಿರುವುದಿಲ್ಲ.

ಅಕ್ಷರ ಅಳಿಸಿಹೋಗಿದ್ದರೆ ಒಂದು ಉಪಾಯವುಂಟು. ಕಣ್ಣಿಗೆ ಬೀಳದ ಅಂಚಿನಿಂದ, ಬಣ್ಣವಿಲ್ಲದ ಕಡಲೆಗಾತ್ರದ ಚೂರನ್ನು ಕೆತ್ತಿ ಲೋಟದ ನೀರಿಗೆ ಹಾಕಬೇಕು. ಪಾಲಿಪ್ರೊಪಿಲೀನು ನೀರಿಗಿಂತ ಹಗುರ, ತೇಲುತ್ತದೆ, ಎ.ಬಿ.ಎಸ್. ಮುಳುಗುತ್ತದೆ. ಬೇರೆ ಪುಡಿ ಬೆರೆಸಿದ ಪಾಲಿಪ್ರೊಪಿಲೀನು ಕೆಲವೊಮ್ಮೆ ಮುಳುಗಿ ಮೋಸ ಮಾಡುವುದುಂಟು. ಆದ್ದರಿಂದ ಅಚ್ಚಿನ ಅಕ್ಷರವೇ ನಂಬಿಗಸ್ತ ಸಾಕ್ಷಿ. ನಮ್ಮ ಮನೆಯಲ್ಲಿ ಈ ಪ್ರಯೋಗ ಕಾಫಿ ಲೋಟದಲ್ಲಿ ನಡೆದು, ಆ ಲೋಟ ಅಡುಗೆಮನೆಯಿಂದ ಶಾಶ್ವತವಾಗಿ ಬಹಿಷ್ಕೃತವಾಯಿತು.

ಹಾಗಾದರೆ ತಿರುವಿನ ಪೇಂಟರು ಮಾಡಿದ್ದೇನು? ಪ್ಯಾನೆಲ್‌ಗಳನ್ನು ಬಿಚ್ಚಲಿಲ್ಲ. ನಾನೇ ವರ್ಷಗಟ್ಟಲೆ ಹೊಳಪಿಗೆಂದು ಉಜ್ಜಿದ ಸಿಲಿಕೋನ್ ಪಾಲಿಶ್ ಅದರ ಮೈಮೇಲೆ ಹಾಗೇ ಇತ್ತು, ತೊಳೆಯಲಿಲ್ಲ. ಗೀರುಗಳಿಗೆ ತಗಡಿಗೆ ಬಳಸುವ ಪುಟ್ಟಿ ತುಂಬಿದ. ಪ್ಲಾಸ್ಟಿಕ್ಕು ಬಾಗುತ್ತದೆ, ಆ ಪುಟ್ಟಿ ಬಾಗದು. ಹಳ್ಳದಿಣ್ಣೆಯ ರಸ್ತೆಯಲ್ಲಿ ನಾಲ್ಕು ದಿನ ಓಡಿದರೆ ಬಿರುಕು ಖಂಡಿತ. ಆ ಬಿರುಕಿನಲ್ಲಿ ನೀರು ಇಳಿಯಿತು, ಬಣ್ಣ ಎದ್ದಿತು. ಎಣ್ಣೆಮೈಗೆ ಅರಿಸಿನ ಹಚ್ಚಿದಂತೆ ಎಂದು ನನ್ನ ಪತ್ನಿ ಒಂದೇ ಮಾತಿನಲ್ಲಿ ಮುಗಿಸಿದಳು. ಪಾಲಿಶಿನ ತಪ್ಪು ನನ್ನದೆಂಬುದನ್ನು ಎತ್ತಿ ಹೇಳದಿರುವ ಔದಾರ್ಯವನ್ನೂ ತೋರಿದಳು.

ಮೇಸ್ತ್ರಿಗಳು ಐದು ದಿನ ಕೇಳಿದರು. ಅದರಲ್ಲಿ ಬಣ್ಣ ಹಾರಿಸಿದ್ದು ಒಂದು ಮಧ್ಯಾಹ್ನ ಮಾತ್ರ. ಉಳಿದದ್ದೆಲ್ಲ ಸಿದ್ಧತೆ. ಸಾಬೂನು ನೀರಿನಲ್ಲಿ ಎರಡು ಸಲ ತೊಳೆದದ್ದಾಯಿತು. ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿದರು, ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ. ಬಳಿಕ ವಾಟರ್ ಪೇಪರು. ಸಡಿಲಾದ ಹಳೆಯ ಬಣ್ಣಕ್ಕೆ 400ನೆಯ ನಂಬರು, ಆಮೇಲೆ 600, ಕೊನೆಗೆ 800. “ಗೀಚಬಾರದಮ್ಮ, ಹೊಳಪು ಮಾತ್ರ ಸಾಯಬೇಕು,” ಎಂದು ಮಗಳ ಕೈಗೂ ಒಂದು ತುಂಡು ಕೊಟ್ಟರು. ಪಿ.ಪಿ. ತುಂಡುಗಳಿಗೆ ಮಾತ್ರ, ಪೇಟೆಯಲ್ಲಿ ಪ್ಲಾಸ್ಟಿಕ್ ಪ್ರೈಮರ್ ಎಂದು ಸಿಗುವ ತಿಳಿದ್ರವದ ತೆಳ್ಳನೆಯ ಒಂದು ಲೇಪ. ಪ್ಲಾಸ್ಟಿಕ್ಕಿಗೂ ಬಣ್ಣಕ್ಕೂ ನಡುವೆ ಸಂಬಂಧ ಕುದುರಿಸುವ ದಲ್ಲಾಳಿ ಅದು.

ನಾಲ್ಕನೆಯ ದಿನ ಮಳೆ. ಅವರು ಕೈಕಟ್ಟಿ ಕುಳಿತರು. ಬಣ್ಣದೊಳಗಿನ ತಿನ್ನರು ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಅಲ್ಲಿ ಇಬ್ಬನಿಯಾಗಿ ಕೂತು, ಬಣ್ಣಕ್ಕೆ ಬೂದಿ ಬಳಿದಂತಾಗುತ್ತದೆ. ಮರುದಿನ ಬಿಸಿಲು ಬಂದ ಮೇಲೆ, ಒಂದು ಗೇಣು ದೂರದಿಂದ, ತೆಳುವಾದ ಮೂರು ಲೇಪಗಳನ್ನು ಹತ್ತು ಹತ್ತು ನಿಮಿಷ ಬಿಟ್ಟು ಹಾರಿಸಿದರು. ಬಣ್ಣ ಬೆಳ್ಳಿಯ ಮಿನುಗಿನದಾದ್ದರಿಂದ ಎಲ್ಲ ತುಂಡುಗಳನ್ನೂ ಒಂದೇ ಬೈಠಕ್ಕಿನಲ್ಲಿ ಮುಗಿಸಿದರು. ಅದರೊಳಗಿನ ಲೋಹದ ಕಣಗಳು ಮಲಗುವ ರೀತಿ ಬೇರೆಯಾದರೆ ಒಂದೇ ಡಬ್ಬಿಯ ಬಣ್ಣವೂ ಎರಡಾಗಿ ಕಾಣುತ್ತದೆಯಂತೆ.

ಮಗಳಿಗೆ ಹಸುರು ಬೇಕೆಂಬ ಆಸೆಯಿತ್ತು. ಆದರೆ ನೋಂದಣಿ ಪತ್ರದಲ್ಲಿ ವಾಹನದ ಬಣ್ಣವೂ ನಮೂದಾಗಿರುತ್ತದೆ. ಬಣ್ಣ ಬದಲಿಸುವುದಾದರೆ ಆರ್.ಟಿ.ಓ. ಕಚೇರಿಯಲ್ಲಿ ದಾಖಲೆಯನ್ನೂ ತಿದ್ದಿಸಿಕೊಳ್ಳಬೇಕು. ಆ ಓಡಾಟಕ್ಕೆ ಹೆದರಿ ಬೆಳ್ಳಿಯಲ್ಲಿಯೇ ನಿಂತೆವು.

ಕೊನೆಯ ಹೊಳಪಿನ ಲೇಪದ ವಿಷಯಕ್ಕೆ ಬಂದಾಗ ಮಾತು ಬೇರೆಯಾಯಿತು. ಕಾರ್ಖಾನೆಯದರಂತೆ ಕನ್ನಡಿಯ ಹೊಳಪು ಬೇಕೆಂದರೆ ಹಾರ್ಡ್ನರ್ ಬೆರೆಸಿದ ಕ್ಲಿಯರ್ ಹಾಕಬೇಕು. ಪೆಟ್ರೋಲಿಗೂ ಬಿಸಿಲಿಗೂ ಅದು ಜಗ್ಗುವುದಿಲ್ಲ. ಆದರೆ ಅಂಥ ಹಾರ್ಡ್ನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಹನಿಯಾಗಿ ಗಾಳಿಯಲ್ಲಿ ತೇಲುವ ಅದನ್ನು ಉಸಿರಾಡುತ್ತಿದ್ದರೆ ಆಸ್ತಮಾ ಅಂಟಿಕೊಳ್ಳಬಹುದು. ಒಮ್ಮೆ ದೇಹ ಅದಕ್ಕೆ ಕೆರಳಿತೆಂದರೆ ಅನಂತರ ಲೇಶಮಾತ್ರ ಸೋಕಿದರೂ ಉಸಿರು ಕಟ್ಟೀತು. ಮೂಗಿಗೆ ಕಟ್ಟುವ ಕರವಸ್ತ್ರ ಅದನ್ನು ತಡೆಯದು. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತರುವ ಮುಖವಾಡವೂ, ಗಾಳಿ ಹೊರಹಾಕುವ ಪ್ರತ್ಯೇಕ ಕೊಠಡಿಯೂ ಬೇಕು. ಓಣಿಯ ಶೆಡ್ಡಿನಲ್ಲಿ ಅವೆರಡೂ ಇರಲಿಲ್ಲ.

“ನನಗೆ ಕೆಲಸ ಕಲಿಸಿದ ಗುರುಗಳು ಐವತ್ತೆರಡಕ್ಕೇ ಗನ್ ಕೆಳಗಿಟ್ಟರು ಸ್ವಾಮಿ. ನಾಲ್ಕು ಮೆಟ್ಟಿಲು ಹತ್ತಿದರೆ ಕೂತುಬಿಡೋರು. ನೀವು ಬೇಕೇ ಬೇಕು ಅಂದ್ರೆ ಹಾಕ್ತೀನಿ,” ಎಂದು ಅವರು ಮಗಳ ಮುಖ ನೋಡಿದರು.

ಅವಳು ಹೊಳೆಯುವ ಮಾದರಿ ಪ್ಯಾನೆಲ್ಲನ್ನು ಗೋಡೆಗೆ ಒರಗಿಸಿಟ್ಟು, “ಬೇಡಿ ತಾತ, ಮಾಮೂಲಿನದೇ ಹಾಕಿ,” ಎಂದಳು.

ಹಾರ್ಡ್ನರಿಲ್ಲದ ಅಕ್ರಿಲಿಕ್ ಲ್ಯಾಕರನ್ನೇ ಹಾಕಿದರು. ಅದಕ್ಕೂ ತಕ್ಕ ಮುಖವಾಡ ಬೇಕು, ತೆರೆದ ಗಾಳಿ ಬೇಕು. ಆದರೆ ಆ ಐಸೊಸಯನೇಟ್ ಇಲ್ಲ. ವಾರದವರೆಗೆ ತೊಳೆಯಬೇಡಿ, ಒಂದು ತಿಂಗಳು ಪಾಲಿಶ್ ಮುಟ್ಟಬೇಡಿ ಎಂದು ನನ್ನತ್ತಲೇ ತಿರುಗಿ ಎಚ್ಚರಿಸಿದರು.

ಎರಡು ಮಳೆಗಾಲಗಳು ಕಳೆದಿವೆ. ಬಣ್ಣ ಎಲ್ಲಿಯೂ ಎದ್ದಿಲ್ಲ. ಪೆಟ್ರೋಲು ಚೆಲ್ಲಿದ ಕಡೆ ಮಾತ್ರ, ಮುಚ್ಚಳದ ಕೆಳಗೆ, ಎರಡು ಬೆರಳಗಲ ಮಂಕಾಗಿದೆ. ಉಳಿದ ಬಣ್ಣವನ್ನು ಮೇಸ್ತ್ರಿಗಳು ಒಂದು ಪುಟ್ಟ ಸೀಸೆಯಲ್ಲಿ ತುಂಬಿ, ಮೇಲೆ ತಾರೀಖು ಬರೆದು ಕೊಟ್ಟಿದ್ದಾರೆ. ಅದು ನಮ್ಮ ಉಗ್ರಾಣದ ಮೇಲಿನ ಹಲಗೆಯಲ್ಲಿ, ಬಹಿಷ್ಕೃತವಾದ ಕಾಫಿ ಲೋಟದ ಪಕ್ಕದಲ್ಲಿದೆ.