ರಕ್ತ ಪರೀಕ್ಷೆಯಿಂದ ಪಾರ್ಕಿನ್ಸನ್ ತಿಳಿಯಬಹುದೇ?

ಪ್ರಶ್ನೆ: ಅಪ್ಪನಿಗೆ ಕೈ ನಡುಗುತ್ತಿದೆ. ರಕ್ತದಲ್ಲಿನ ಕಿಣ್ವದ ಮಟ್ಟ ನೋಡಿ ಪಾರ್ಕಿನ್ಸನ್ ಎಂದು ಹೇಳಬಹುದೇ?

ಉತ್ತರ: ಸದ್ಯಕ್ಕೆ ಆಗದು. ಸಂಶೋಧಕರು ಹೆಚ್ಚು ಗಮನವಿಟ್ಟು ನೋಡುತ್ತಿರುವ ಕಿಣ್ವಗಳಲ್ಲೊಂದು ಗ್ಲೂಕೋಸೆರೆಬ್ರೊಸಿಡೇಸ್. ಜೀವಕೋಶದ ಲೈಸೋಸೋಮ್‌ಗಳಲ್ಲಿ ಒಂದು ಬಗೆಯ ಕೊಬ್ಬನ್ನು ಒಡೆಯುವುದು ಇದರ ಕೆಲಸ. ಇದಕ್ಕೆ ಸಂಬಂಧಿಸಿದ ಜಿಬಿಎ1 ಜೀನಿನ ಎರಡೂ ಪ್ರತಿಗಳು ಕೆಟ್ಟರೆ ಗೌಚರ್ ಕಾಯಿಲೆ ಬರುತ್ತದೆ. ಒಂದೇ ಕೆಟ್ಟರೂ ಪಾರ್ಕಿನ್ಸನ್ ಬರುವ ಸಾಧ್ಯತೆ ಹೆಚ್ಚುತ್ತದೆ. ಅಂಥವರ ರಕ್ತದಲ್ಲಿ ಈ ಕಿಣ್ವದ ಚಟುವಟಿಕೆ ಸರಾಸರಿಯಲ್ಲಿ ಕಡಿಮೆ. ಆದರೆ ಪಾರ್ಕಿನ್ಸನ್‌ಗೆ ಸಂಬಂಧಿಸಿದ ಮತ್ತೊಂದು ಜೀನಾದ ಎಲ್‌ಆರ್‌ಆರ್‌ಕೆ2ನ ಒಂದು ಬದಲಾವಣೆ ಇರುವವರಲ್ಲಿ ಅದು ಹೆಚ್ಚಾಗಿಯೇ ಇದ್ದುದನ್ನು 2015ರ ಅಧ್ಯಯನವೊಂದು ಕಂಡಿತು! ರೋಗಿಗಳ ಮತ್ತು ಆರೋಗ್ಯವಂತರ ಅಂಕಿಗಳೂ ಒಂದರೊಳಗೊಂದು ಬೆರೆತುಹೋಗುತ್ತವೆ. ದಯವಿಟ್ಟು ತಂದೆಯವರನ್ನು ಬೇಗ ನರರೋಗ ತಜ್ಞರಿಗೆ ತೋರಿಸಿ. ಚಲನೆಯ ನಿಧಾನ, ಸ್ನಾಯುಗಳ ಬಿಗಿತ, ನಡುಕದ ಬಗೆ ಇವನ್ನು ಪರೀಕ್ಷಿಸಿಯೇ ಅವರು ರೋಗವನ್ನು ಗುರುತಿಸುವುದು.